ಎರಡು ವಿಶ್ವವಿದ್ಯಾಲಯಗಳು ಮತ್ತು ಅಕ್ಕನ ಒಲೆ

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಹೇಳಿಕೊಂಡದ್ದು ಒಂದೇ ಸಲ. ಕೇಳಿದವರು ಕೂಡಲೇ ನಂಬಿದರು. ಅವರು ಸ್ವಲ್ಪ ಅನುಮಾನಪಟ್ಟಿದ್ದರೂ ಸಾಕಿತ್ತು, ಈ ವಯಸ್ಸಿನಲ್ಲಿ ಕೂತು ಇದನ್ನು ಬರೆಯುವ ಕೆಲಸ ನನಗೆ ತಪ್ಪುತ್ತಿತ್ತು.

ಆಗ ನಾನು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೆ. ಓದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಮೊದಲ ಸಲ ಕೈಕೊಟ್ಟ ವಿಷಯ ಇಂಗ್ಲಿಷೇ. ಲ್ಯಾಬಿನ ಬೀಗ ತೆಗೆಯುವುದು, ಯಂತ್ರಗಳ ಮೇಲಿನ ಧೂಳು ಒರೆಸುವುದು, ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಷ್ಟರಿಗೆ ಟೀ ತಂದುಕೊಡುವುದು ನನ್ನ ಕೆಲಸ. ವರ್ಷಗಟ್ಟಲೆ ಮಾಡಿದರೂ ಅದು ಖಾಯಂ ಆಗಿರಲಿಲ್ಲ. ದುರ್ಗಿಗುಡಿಯ ನಮ್ಮ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಹೆಂಡತಿಯ ಮೊದಲ ಮಾತು, "ಖಾಯಂ ವಿಚಾರ ಏನಾಯ್ತು ರೀ?" ಕಾಫಿ ಆಮೇಲೆ ಬರುತ್ತಿತ್ತು.

ಹೊಸ ಶತಮಾನ ಶುರುವಾದ ಹೊಸದರಲ್ಲಿ ಯುರೋಪಿನ ಒಂದು ಚಳಿ ದೇಶದ ವಿಶ್ವವಿದ್ಯಾಲಯಕ್ಕೂ ನಮ್ಮ ಕಾಲೇಜು ಸೇರಿದ್ದ ವಿಶ್ವವಿದ್ಯಾಲಯಕ್ಕೂ ಒಂದು ಒಪ್ಪಂದವಾಯಿತು. ಮುಗಿದುಹೋಗದ, ಗಾಳಿ ಕೆಡಿಸದ ಇಂಧನದ ಬಗ್ಗೆ ಇಬ್ಬರೂ ಸೇರಿ ಸಂಶೋಧನೆ ಮಾಡುವುದು, ಅಲ್ಲಿನ ವಿದ್ಯಾರ್ಥಿಗಳು ಇಲ್ಲಿಗೆ ಬಂದು, ಇಲ್ಲಿನವರು ಅಲ್ಲಿಗೆ ಹೋಗಿ ಕಲಿಯುವುದು, ಹೀಗೆಲ್ಲ ಅದರಲ್ಲಿತ್ತು. ಸಹಿ ಹಾಕುವ ದಿನ ಸೆಮಿನಾರ್ ಹಾಲಿನಲ್ಲಿ ದೊಡ್ಡ ಸಭೆ. ಬಂದವರಿಗೆ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಹೊಗೆಯಿಂದ ಹೆಂಗಸರಿಗಾಗುವ ತೊಂದರೆಯ ಬಗ್ಗೆ ಅತಿಥಿಗಳು ಭಾಷಣ ಮಾಡುತ್ತಿದ್ದಾಗ ಹಿಂದಿನ ಹಾಸ್ಟೆಲ್ ಅಡುಗೆಮನೆಯಲ್ಲಿ ಅವರಿಗೇ ಊಟ ತಯಾರಾಗುತ್ತಿತ್ತು. ಹಸಿ ಸೌದೆ. ಹೊಗೆ ನೇರವಾಗಿ ಹಾಲಿನೊಳಗೆ ಬಂತು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಕಣ್ಸನ್ನೆ ಮಾಡಿದರು. ನಾನು ಕಿಟಕಿಗಳನ್ನು ಮುಚ್ಚಿದೆ. ಭಾಷಣ ಮುಂದುವರಿಯಿತು.

ಯೋಜನೆ ಒಲೆಯದು. ನಮ್ಮ ಕಡೆ ಸಾಮಿಲ್ಲುಗಳಿಗೆ ಬರವಿಲ್ಲ, ಹಾಗಾಗಿ ಮರದ ಹೊಟ್ಟಿಗೂ ಬರವಿಲ್ಲ. ಶಿವಮೊಗ್ಗ, ಭದ್ರಾವತಿಯ ಎಷ್ಟೋ ಮನೆಗಳಲ್ಲಿ ಹಳೇ ಡಬ್ಬದೊಳಗೆ ಹೊಟ್ಟನ್ನು ಒತ್ತಿ ತುಂಬಿ, ನಡುವೆ ಬಾಟಲಿ ಇಟ್ಟು ತೂತು ಮಾಡಿ, ಕೆಳಗಿನಿಂದ ಉರಿ ಹಚ್ಚುವ ಒಲೆ ಇತ್ತು. ಖರ್ಚು ಕಡಿಮೆ, ಹೊಗೆ ಧಾರಾಳ. ಅದೇ ಹೊಟ್ಟಿನಿಂದ ಹೊಗೆಯಿಲ್ಲದೆ ಉರಿಯುವ ಒಲೆಯನ್ನು ಎರಡೂ ಕಡೆಯವರು ಸೇರಿ ಮಾಡಬೇಕು. ಅದಕ್ಕಾಗಿ ಆ ದೇಶದಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ಎತ್ತರದ ಹುಡುಗಿ, ನಮ್ಮ ಬಾಗಿಲುಗಳಿಗೆಲ್ಲ ತಲೆ ತಾಗಿಸಿಕೊಂಡು ಪ್ರತಿ ಸಲವೂ ಬಾಗಿಲಿಗೇ 'ಸಾರಿ' ಎನ್ನುತ್ತಿದ್ದಳು.

ಅವಳನ್ನು ಮನೆಗಳಿಗೆ ಕರೆದುಕೊಂಡು ಹೋಗುವವರು ಯಾರು? ಲೆಕ್ಚರರುಗಳಿಗೆ ಇನ್ನೊಬ್ಬರ ಅಡುಗೆಮನೆಗೆ ನುಗ್ಗಲು ಮನಸ್ಸಿಲ್ಲ. ಯೋಜನೆಯ ಉಸ್ತುವಾರಿಯಿದ್ದ ಪ್ರೊಫೆಸರು ನನ್ನನ್ನು ಕರೆದರು.

"ನಿಮ್ಮಕ್ಕ ಭದ್ರಾವತೀಲಿ ಇದಾರಲ್ವೇನಯ್ಯಾ? ಹೊಟ್ಟಿನ ಒಲೆ ಇದೆಯಾ?"

"ಇದೆ ಸಾರ್."

"ಇಂಗ್ಲಿಷ್ ಬರುತ್ತಾ ನಿಂಗೆ? ಅಂದ್ರೆ, ಆ ಹುಡುಗಿ ಹೇಳಿದ್ದು ಇವರಿಗೆ, ಇವರು ಹೇಳಿದ್ದು ಅವಳಿಗೆ, ಅಷ್ಟು?"

"ಬರುತ್ತೆ ಸಾರ್."

"ಎರಡನೇ ಹಂತ ಅಂತ ಒಂದಿದೆ. ಮೊದಲನೇದು ಚೆನ್ನಾಗಾದ್ರೆ ಅದು ಬರುತ್ತೆ. ಬಂದ್ರೆ ನಿನ್ನ ಖಾಯಂ ವಿಚಾರ ಮಾತಾಡ್ತೀನಿ."

ಅಲ್ಲಿಗೆ ನಾನು ಭಾಷಾಂತರಕಾರನಾದೆ.

ಅಕ್ಕನ ಮನೆಯ ವಿಷಯ ಹೇಳಬೇಕು. ಭಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿದ್ದವರು. ಅವರ ವಿಭಾಗ ಮುಚ್ಚಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಅಕ್ಕ ಎದ್ದು ನಿಂತಳು. ರೂಮು ಮಾಡಿಕೊಂಡಿದ್ದ ಒಂಟಿ ಕೆಲಸಗಾರರಿಗೆ ಮಧ್ಯಾಹ್ನದ ಕ್ಯಾರಿಯರ್ ಊಟ ಮಾಡಿ ಕಳಿಸತೊಡಗಿದಳು. ಅವರೆಲ್ಲ ಬಯಲುಸೀಮೆ ಕಡೆಯವರು. ಅನ್ನ ಇಲ್ಲದಿದ್ದರೂ ನಡೆದೀತು, ಮುದ್ದೆ ಬೇಕು. ಮನೆಯಲ್ಲಿ ಗ್ಯಾಸು ಇತ್ತು, ಆದರೆ ಅದು ನೆಂಟರಿಗೆ. ಅಷ್ಟು ಜನರ ಮುದ್ದೆಯ ಪಾತ್ರೆಯನ್ನು ಗ್ಯಾಸಿನ ಒಲೆ ಹೊರುತ್ತಲೂ ಇರಲಿಲ್ಲ. ಹಿತ್ತಿಲ ಕಡೆಯ ಜಗಲಿಯಲ್ಲಿ ಹೊಟ್ಟಿನ ಒಲೆಯ ಮುಂದೆ ಅಕ್ಕ ದಿನದ ಅರ್ಧ ಕಳೆಯುತ್ತಿದ್ದಳು. ಅವಳಿಗೆ ಉಬ್ಬಸ ಹಿಡಿದಿತ್ತು. ಮಾತಿನ ನಡುವೆ ನಿಲ್ಲಿಸಿ, ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿ, ಉಸಿರು ಸಿಕ್ಕಿದ ಮೇಲೆ ಮುಂದುವರಿಸುತ್ತಿದ್ದಳು.

"ಹೊಗೆ ಬಿಡಿ ಅಮ್ಮ ಅಂದ್ರು ಡಾಕ್ಟ್ರು," ಎಂದು ಹೇಳಿ ನಗುತ್ತಿದ್ದಳು. "ಬೀಡಿ ಸೇದೋರಿಗೆ ಹೇಳಿದಂಗೆ. ನಾನೇನು ಶೋಕಿಗೆ ಸೇದ್ತಿದೀನಾ?"

ಹೊಗೆ ಬಿಟ್ಟರೆ ಊಟ ಬಿಡಬೇಕು, ಊಟ ಬಿಟ್ಟರೆ ಮನೆ ನಡೆಯುವುದಿಲ್ಲ. ಹೊಗೆ ಬಿಡದಿದ್ದರೆ ಉಸಿರು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಡಾಕ್ಟರಿಗೂ ಅನುಮಾನ. ಹಾಗಾಗಿ ಹೊಸ ಒಲೆಯ ಸುದ್ದಿ ಹೇಳಿದಾಗ ಅವಳ ಮುಖದಲ್ಲಿ ಬಂದ ಆಸೆಯನ್ನು ನಾನು ಚೆನ್ನಾಗಿ ನೋಡಿದ್ದೇನೆ. ನೋಡಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಪ್ರೊಫೆಸರೂ ಹುಡುಗಿಯೂ ನಾನೂ ಮೊದಲ ಸಲ ಹೋದ ದಿನ ಅಕ್ಕ ಹಿತ್ತಿಲ ಜಗಲಿಯನ್ನು ತೊಳೆದು ರಂಗೋಲಿ ಹಾಕಿದ್ದಳು. ಹೊಟ್ಟಿನ ಒಲೆಯ ಮೇಲೆ ಗೋಣಿಚೀಲ ಮುಚ್ಚಿ, ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಳು. ಒಳಗೆ ಗ್ಯಾಸಿನ ಮೇಲೆ ಕೇಸರಿಬಾತು, ಉಪ್ಪಿಟ್ಟು. ಹುಡುಗಿ ಎಲ್ಲವನ್ನೂ ತಿಂದು, ಎಲ್ಲಿ ಅಡುಗೆ ಮಾಡುತ್ತೀರಿ ಎಂದು ಕೇಳಿದಳು. ಅಕ್ಕ ಹೆಮ್ಮೆಯಿಂದ ಗ್ಯಾಸು ತೋರಿಸಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದೆ.

"ಅಕ್ಕಾ, ಅವರು ಬಂದಿರೋದೇ ಹೊಗೆ ನೋಡೋಕೆ."

"ಹೊಗೆ ನೋಡೋಕೆ ಅಷ್ಟು ದೂರದಿಂದ ಬರ್ತಾರೇನೋ? ಅವರೂರಲ್ಲಿ ಇಲ್ವಾ?"

"ಇಲ್ವಂತೆ."

"ಪುಣ್ಯವಂತರು. ಮನೆಗೆ ಬಂದೋರಿಗೆ ಹೊಗೆ ಹಾಕಿ ಕಣ್ಣೀರು ಹಾಕ್ಸು ಅಂತೀಯಲ್ಲೋ ಮಾರಾಯ!"

ಕೊನೆಗೆ ತುಳಸಿ ಕುಂಡ ಇಳಿಯಿತು. ಒಲೆ ಹತ್ತಿತು. ಹುಡುಗಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಬಹಳ ಸಂತೋಷದಿಂದ ಏನೇನೋ ಅಳೆದುಕೊಂಡಳು. ಅಕ್ಕನ ಸೆರಗಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿದಳು. ಉಸಿರಿನ ಹತ್ತಿರ ಎಷ್ಟು ಹೊಗೆ ಹೋಗುತ್ತದೆ ಎಂದು ಅದು ಹೇಳುತ್ತದಂತೆ. "ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದಳು ಅಕ್ಕ. ಅದನ್ನು ನಾನು ಭಾಷಾಂತರಿಸಲಿಲ್ಲ. ಅಂದಿನಿಂದಲೇ ಅಭ್ಯಾಸ ಶುರುವಾಯಿತು ಎನ್ನಬೇಕು.

ಒಲೆಯ ನಕ್ಷೆ ಆ ದೇಶದಲ್ಲಿ ತಯಾರಾಗಿ ಬಂತು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅದನ್ನು ತಗಡಿನಲ್ಲಿ ಮಾಡಿಸಿದೆವು. ಸೊಂಟದೆತ್ತರ, ಸಪೂರ, ಹೊಳೆಯುವ ಮೈ, ಹೊಗೆ ಎಳೆದು ಸೂರಿನಾಚೆ ಬಿಡುವ ಕೊಳವೆ. ಹೆಂಗಸರು ಬಗ್ಗದೆ ನಿಂತೇ ಅಡುಗೆ ಮಾಡಬೇಕು ಎಂಬುದು ಅವರ ಕಾಳಜಿ. ಲ್ಯಾಬಿನಲ್ಲಿ ಅದರ ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿದರು. ಎಷ್ಟು ಹೊಟ್ಟಿಗೆ ಎಷ್ಟು ನೀರು ಕುದಿಯಿತು ಎಂದು ಬರೆದುಕೊಂಡರು, ಆ ದೇಶಕ್ಕೆ ಕಳಿಸಿದರು, ಅವರೂ ಅಲ್ಲಿ ಒಂದು ಒಲೆ ಮಾಡಿ ನೀರು ಕಾಯಿಸಿದರು. ಒಂದು ಇಡೀ ಮಳೆಗಾಲ ಎರಡು ವಿಶ್ವವಿದ್ಯಾಲಯಗಳು ಸೇರಿ ನೀರು ಕಾಯಿಸಿದವು. ನೀರು ಎಲ್ಲ ಕಡೆಯೂ ಒಂದೇ ಥರ ಕುದಿಯಿತು. ಹೊಗೆ ನಿಜವಾಗಿಯೂ ಇರಲಿಲ್ಲ. ಅಷ್ಟರಮಟ್ಟಿಗೆ ಅದು ಒಳ್ಳೆಯ ಒಲೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಲ್ಯಾಬಿನಲ್ಲಿ ಆಗ ಇದ್ದವರಲ್ಲಿ ಪ್ರೊಫೆಸರು ದಿನಾ ರಾತ್ರಿ ಮುದ್ದೆ ಉಣ್ಣುವವರು. ಅವರ ಕೈಕೆಳಗಿನ ಇಬ್ಬರು ಲೆಕ್ಚರರುಗಳೂ ಅಷ್ಟೇ. ನಾನೂ ಅಷ್ಟೇ. ಎಲ್ಲರೂ ಉಂಡವರು. ತಿರುವಿದವರು ಒಬ್ಬರೂ ಇರಲಿಲ್ಲ.

ಅಕ್ಕನ ಮನೆಗೆ ಒಲೆ ಬಂದ ದಿನ ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಹಾಲು ಉಕ್ಕಿಸಿದಳು. ಹಾಲು ಚೆನ್ನಾಗಿ ಉಕ್ಕಿತು. ಕೊಳವೆಯಿಂದ ತೆಳ್ಳಗೆ ಹೊಗೆ ಆಕಾಶಕ್ಕೆ ಹೋಯಿತು. ಅಕ್ಕ ಒಲೆಯ ಪಕ್ಕ ನಿಂತು ಒಂದು ಉದ್ದದ ಉಸಿರು ಎಳೆದುಕೊಂಡಳು, ಕೆಮ್ಮು ಬರಲಿಲ್ಲ. ಹುಡುಗಿ ಫೋಟೋ ತೆಗೆದಳು. ಪ್ರೊಫೆಸರು ಅಲ್ಲೇ ಒಂದು ಸಣ್ಣ ಭಾಷಣ ಮಾಡಿದರು.

ನಾವು ಹೊರಟ ಮೇಲೆ ಮಧ್ಯಾಹ್ನದ ಮುದ್ದೆಗೆ ಹೊತ್ತಾಯಿತು.

ವಾರ ಬಿಟ್ಟು ಹುಡುಗಿಯ ಜೊತೆ ಹೋದಾಗ ಅಕ್ಕ ನಗುನಗುತ್ತ ಕಾಫಿ ಕೊಟ್ಟು, ಮುಖದ ನಗು ಹಾಗೇ ಇಟ್ಟುಕೊಂಡು ನನಗೆ ಹೇಳಿದಳು:

"ಒಲೆ ಚೆನ್ನಾಗಿದೆ ಕಣೋ. ಆದ್ರೆ ಮುದ್ದೆಗೆ ಬರಲ್ಲ. ಬಾಯಿ ಸಣ್ಣದು, ನನ್ನ ಪಾತ್ರೆ ಅದರ ಮೇಲೆ ವಾಲಾಡುತ್ತೆ. ಎತ್ತರ ಬೇರೆ. ಕೋಲು ಹಿಡಿದು ತಿರುವೋಕೆ ಹೋದ್ರೆ ಕೈಗೆ ಬಲಾನೇ ಸಿಗಲ್ಲ, ಒಲೇನೇ ನನ್ನ ಜೊತೆ ತಿರುಗುತ್ತೆ. ಕೆಳಗಿಳಿಸಿ ತಿರುವೋಣ ಅಂದ್ರೆ ಅಷ್ಟು ಭಾರ ಇಳಿಸಿ ಏರಿಸಿ ಮಾಡೋರ್ಯಾರು, ನೀನು ಬರ್ತೀಯಾ? ಇದನ್ನ ಸ್ವಲ್ಪ ಕುಳ್ಳ ಮಾಡಿ, ಕಾಲು ಅಗಲ ಮಾಡಿ, ಬಾಯಿ ದೊಡ್ಡದು ಮಾಡಿಕೊಟ್ರೆ ದೇವ್ರಾಣೆ ಹಳೇದನ್ನ ತಿಪ್ಪೆಗೆ ಎಸೀತೀನಿ. ಬೇಜಾರಾಗದಂಗೆ ಹೇಳು ಆ ಮಗೂಗೆ."

ಹುಡುಗಿ ಪೆನ್ನು ತೆಗೆದು ನನ್ನನ್ನೇ ನೋಡುತ್ತಿದ್ದಳು. ಅವಳು ಬಂದದ್ದೇ ಇಂಥ ಮಾತಿಗೆ. ನನಗೆ ಮುದ್ದೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಗೊತ್ತಿಲ್ಲ. ತಿರುವುವುದಕ್ಕಂತೂ ಗೊತ್ತೇ ಇಲ್ಲ. ಗೊತ್ತಿಲ್ಲ ಎಂದು ಕೈಯಲ್ಲಿ ಮಾಡಿ ತೋರಿಸಬಹುದಿತ್ತು. ಹಾಗೆ ಮಾಡಿದರೆ ನನಗೆ ಭಾಷೆ ಬರುವುದಿಲ್ಲ ಎಂಬುದು ಪ್ರೊಫೆಸರ ಕಿವಿಗೆ ಬೀಳುತ್ತದೆ. ನಾನು ಹೇಳಿದೆ: "ವೆರಿ ಗುಡ್ ಸ್ಟೋವ್ ಮೇಡಂ. ಶಿ ಈಸ್ ವೆರಿ ಹ್ಯಾಪಿ."

ಹುಡುಗಿ ಅಷ್ಟನ್ನು ಬರೆದುಕೊಂಡು, ಇಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ ಎಂದು ಕೇಳಿದಳು.

ನಮ್ಮ ಭಾಷೆ ಸ್ವಲ್ಪ ಉದ್ದ ಎಂದೆ.

"ಏನಂದ್ಳು?" ಎಂದಳು ಅಕ್ಕ.

"ಮಾಡಿಸಿಕೊಡ್ತೀನಿ ಅಂದ್ಳು."

ಹೀಗೆ ಒಂದು ಕಾಫಿಯ ಹೊತ್ತಿನಲ್ಲಿ ಎರಡೂ ಕಡೆಯವರಿಗೆ ತೃಪ್ತಿಯಾಯಿತು. ಬರಬರುತ್ತ ಇಂಗ್ಲಿಷು ಸ್ವಲ್ಪ ಕಲಿತೆ. ಮುಂದಿನ ಸಲ ಹೋಗುವಾಗ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಕೂಡಿಸಿಕೊಂಡಿದ್ದೆ ಕೂಡ. ಆದರೆ ಆ ಮಾತು ಹೇಳಿದರೆ ಹೋದ ಸಲ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಯಾವ ಭಾಷೆಯಲ್ಲೂ ನನ್ನ ಹತ್ತಿರ ಇರಲಿಲ್ಲ. ಮತ್ತೆ ವೆರಿ ಗುಡ್ ಎಂದೆ.

ಅಕ್ಕನ ಪಕ್ಕದ ಮನೆಯಲ್ಲಿ ತಮಿಳು ಮನೆಮಾತಿನ ಒಬ್ಬ ಹೆಂಗಸು ಸಣ್ಣ ಅಂಗಡಿ ಇಟ್ಟುಕೊಂಡಿದ್ದಳು. ಅಂಗಡಿಯಲ್ಲಿ ಕಾಯಿನ್ ಫೋನಿತ್ತು. ಹುಡುಗಿ ಬರುವ ಹಿಂದಿನ ದಿನ ನಾನು ಆ ಫೋನಿಗೆ ಮಾಡಿ, ನಾಳೆ ಬರ್ತೀವಿ ಎಂದು ಹೇಳಿಸುತ್ತಿದ್ದೆ. ಅಷ್ಟು ಹೇಳಿದರೆ ಸಾಕು. ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ನಿಂತಿರುತ್ತಿದ್ದ ಹೊಸ ಒಲೆ ಜಗಲಿಗೆ ಬರುತ್ತಿತ್ತು, ಹಳೆಯದು ಗೋಣಿಚೀಲದಡಿ ಸೇರುತ್ತಿತ್ತು. ಅಕ್ಕ ಇದನ್ನು ಮೋಸವೆಂದು ಮಾಡುತ್ತಿರಲಿಲ್ಲ. ಯಾರಾದರೂ ಉಡುಗೊರೆ ಕೊಟ್ಟ ಸೀರೆಯನ್ನು ಅವರು ಬರುವ ದಿನ ಉಟ್ಟುಕೊಳ್ಳುವುದಿಲ್ಲವೇ, ಹಾಗೆ. ಹುಡುಗಿ ಬಂದು ನೋಡಿದಾಗಲೆಲ್ಲ ಹೊಸ ಒಲೆ ಉರಿಯುತ್ತಿತ್ತು, ಅದರ ಮೇಲೆ ಹಾಲು ಕಾಯುತ್ತಿತ್ತು. ಹೋದಾಗಲೆಲ್ಲ ಅಕ್ಕ ನನ್ನನ್ನು ಕೇಳುತ್ತಿದ್ದಳು, "ಬಾಯಿ ದೊಡ್ಡದು ಮಾಡೋ ವಿಚಾರ ಏನಾಯ್ತೋ?" ನನ್ನ ಹೆಂಡತಿಯ ಧಾಟಿಯಲ್ಲೇ. "ಆಗುತ್ತೆ ಅಕ್ಕಾ, ಎರಡು ದೇಶದ ವಿಚಾರ, ತಡ ಆಗುತ್ತೆ," ಎನ್ನುತ್ತಿದ್ದೆ. ಅವಳು ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿ, ಉಸಿರು ಸಿಕ್ಕಿದ ಮೇಲೆ, "ಆಗ್ಲಿ ಬಿಡು," ಎನ್ನುತ್ತಿದ್ದಳು. ಆ ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿತ್ತು.

ವರದಿ ಹೋಯಿತು. ಬಳಸಿದ ಮನೆಗಳಲ್ಲೆಲ್ಲ ಒಲೆ ಮೆಚ್ಚುಗೆಯಾಗಿದೆ ಎಂದು ಅದರಲ್ಲಿತ್ತು. ಬಳಸಿದ ಮನೆ ಅಕ್ಕನದೊಂದೇ. ಆ ದೇಶದವರು ಎರಡನೇ ಹಂತಕ್ಕೆ ಒಪ್ಪಿದರು. ಇದೇ ನಕ್ಷೆಯಲ್ಲಿ ಲಾರಿಗಟ್ಟಲೆ ಒಲೆ ಮಾಡಿಸಿ ಭದ್ರಾವತಿಯ ಬೀದಿಬೀದಿಗೆ ಹಂಚುವುದು. ಪ್ರೊಫೆಸರು ನನ್ನ ಬೆನ್ನು ತಟ್ಟಿದರು.

ಹುಡುಗಿ ಊರಿಗೆ ಹೊರಡುವ ವಾರ ಕಾಲೇಜಿನಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆ ದಿನ ಬೆಳಿಗ್ಗೆ ನೋಡಿದರೆ ಅವಳಿಲ್ಲ. ಗೆಸ್ಟ್ ಹೌಸಿನವನು, ಭದ್ರಾವತಿಗೆ ಹೋಗ್ತೀನಿ, ಅಕ್ಕನಿಗೆ ಹೇಳಿ ಬರ್ತೀನಿ ಅಂತ ಒಬ್ಬಳೇ ಬಸ್ಸು ಹತ್ತಿದಳು ಎಂದ. ನನ್ನ ಅಕ್ಕನನ್ನು ಅವಳೂ ಅಕ್ಕ ಎಂದೇ ಕರೆಯುತ್ತಿದ್ದಳು. ನಾನು ಹೋಗಿ ಅಂಗಡಿಯ ಫೋನಿಗೆ ಮಾಡಿದೆ. ಯಾರೂ ಎತ್ತಲಿಲ್ಲ. "ಕರ್ಕೊಂಡು ಬಾರಯ್ಯಾ, ಹೊತ್ತಾಯ್ತು," ಎಂದು ಪ್ರೊಫೆಸರು ತಮ್ಮ ಸ್ಕೂಟರ್ ಕೊಟ್ಟರು.

ಮುಂಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಕಸೂತಿ ಬಟ್ಟೆ ಮಾತ್ರ ನೆಲದ ಮೇಲಿತ್ತು. ಹಿತ್ತಿಲ ಜಗಲಿಯಿಂದ ಹೊಗೆ, ಕೆಮ್ಮು, ನಗು ಮೂರೂ ಒಟ್ಟಿಗೆ ಬರುತ್ತಿದ್ದವು. ಹಳೇ ಒಲೆ ಗೋಣಿಚೀಲವಿಲ್ಲದೆ ಬುಸುಬುಸು ಹೊಗೆ ಉಗುಳುತ್ತಿತ್ತು. ಪಕ್ಕದಲ್ಲಿ ಹೊಸ ಒಲೆಯ ಮೇಲೆ ಮುದ್ದೆಯ ದೊಡ್ಡ ಪಾತ್ರೆ ಒಂದು ಕಡೆಗೆ ವಾಲಿಕೊಂಡಿತ್ತು. ಹುಡುಗಿ ಎರಡು ಕೈಯಲ್ಲೂ ಮಸಿಬಟ್ಟೆ ಹಿಡಿದು ಪಾತ್ರೆಯನ್ನು ಅಪ್ಪಿಕೊಂಡಂತೆ ನಿಂತಿದ್ದಳು. ಅಕ್ಕ ಕಾಲ ಬೆರಳ ಮೇಲೆ ನಿಂತು ಕೋಲು ತಿರುವುತ್ತಿದ್ದಳು. ಒಲೆ ಒಂದು ಸುತ್ತು ತಿರುಗಿ ಕೊಳವೆ ಕಳಚಿಬಿತ್ತು. ಪಕ್ಕದ ಮನೆಯವಳು ಅಂಗಡಿ ಬಿಟ್ಟು ಬಂದು ಬೇಲಿಯಾಚೆ ನಿಂತು, "ಐಯೋ, ಹಿಡೀಮ್ಮಾ, ಬಿಡಬೇಡಮ್ಮಾ!" ಎಂದು ಕೂಗುತ್ತಿದ್ದಳು. ಫೋನು ಎತ್ತದಿದ್ದುದಕ್ಕೆ ಕಾರಣ ಅದು.

ಹುಡುಗಿ ನನ್ನನ್ನು ನೋಡಿದಳು. ಅವಳ ಕೂದಲಿಗೆ ರಾಗಿಹಿಟ್ಟು ಹತ್ತಿತ್ತು. ಅವಳು ನಗುವುದನ್ನು ನಿಲ್ಲಿಸಿ, ಬಹಳ ಸರಳವಾದ ಇಂಗ್ಲಿಷಿನಲ್ಲಿ, ನನಗೂ ಅರ್ಥವಾಗುವ ಹಾಗೆ ಕೇಳಿದಳು: ಇದನ್ನು ಅಕ್ಕ ನಿನಗೆ ಮೊದಲೇ ಹೇಳಿದ್ದರೇ?

ನಾನು ಕಳಚಿಬಿದ್ದ ಕೊಳವೆ ಎತ್ತಿಡಲು ಬಗ್ಗಿದೆ. ಅವಳು ಅಕ್ಕನ ಕಡೆ ಕೈ ತೋರಿಸಿ, ಅವರನ್ನೇ ಕೇಳು ಎಂದಳು.

"ಏನಂತೋ?" ಎಂದಳು ಅಕ್ಕ.

ಈಗ ಹೇಳಬಹುದಿತ್ತು. ಆಗಲೂ ನಾನು ಅಭ್ಯಾಸ ಬಿಡಲಿಲ್ಲ. "ನಾನು ಪಾತ್ರೆ ಹಿಡಿದಿದ್ದು ಸರಿಯಾಗಿತ್ತಾ ಅಂತ ಕೇಳ್ತಿದಾಳೆ," ಎಂದೆ.

ಅಕ್ಕನ ಮುಖ ಅರಳಿತು. ಹುಡುಗಿಯ ಕಡೆ ತಿರುಗಿ, ಮತ್ತೆ ಮತ್ತೆ ಜೋರಾಗಿ ತಲೆಯಾಡಿಸಿದಳು. "ಹೌದು ಮಗಾ, ಹೌದು!"

ಹೌದು ಎಂಬ ಮಾತು ಹುಡುಗಿಗೆ ಗೊತ್ತಿತ್ತು. ಇಷ್ಟು ತಿಂಗಳಲ್ಲಿ ನನ್ನ ಮೂಲಕ ಅವಳಿಗೆ ಸಿಕ್ಕ ಒಂದೇ ಒಂದು ನಿಜವಾದ ಉತ್ತರ ಅದು. ಅದೂ ನಾನು ಸುಳ್ಳು ಹೇಳಿದ್ದರಿಂದ ಸಿಕ್ಕಿತು.

ಅವಳು ನನ್ನನ್ನು ಬೈಯಲಿಲ್ಲ. ಸ್ಕೂಟರಿನ ಹಿಂದೆ ಕೂತು ಮಾಚೇನಹಳ್ಳಿ ಎಂದಳು, ಅಷ್ಟೇ. ಅತ್ತ ಸನ್ಮಾನಕ್ಕೆ ಜನ ಕಾಯುತ್ತಿದ್ದರು. ವರ್ಕ್‌ಶಾಪಿನಲ್ಲಿ ಅವಳು ನನ್ನನ್ನು ಮಾತಾಡಿಸದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕುಳ್ಳ ಒಲೆ ಬರೆದಳು. ಅಗಲ ಕಾಲು, ದಪ್ಪ ಕಬ್ಬಿಣದ ತಳ, ದೊಡ್ಡ ಬಾಯಿ, ಪಾತ್ರೆ ಅಲುಗದಂತೆ ಹಿಡಿಯುವ ಬಳೆ. ಮೇಸ್ತ್ರಿ ನನ್ನ ಕಡೆ ನೋಡಿ, "ಏನ್ಸಾರ್ ಹೇಳ್ತಿದಾರೆ ಇವರು?" ಎಂದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಬೇಡ ಎಂದು ಕೈ ಅಡ್ಡ ಹಿಡಿದಳು. ಚಿತ್ರ ನೋಡಿ ಅವನಿಗೇ ಅರ್ಥವಾಯಿತು. ಆ ಕೈಯನ್ನು ನಾನು ಮರೆತಿಲ್ಲ.

ಸಂಜೆ ಪ್ರೊಫೆಸರ ರೂಮಿನಲ್ಲಿ ಅವರಿಬ್ಬರೇ ಮಾತಾಡಿದರು. ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲಿದ್ದೆ. ಆಮೇಲೆ ಪ್ರೊಫೆಸರು ನನ್ನನ್ನು ಒಳಗೆ ಕರೆದರು.

"ನಕ್ಷೆ ಬದಲಾಯಿಸ್ಬೇಕಂತೆ ಕಣಯ್ಯಾ. ಈಗ ಹೆಂಗಾಗುತ್ತೆ? ಇದಕ್ಕೆ ಎರಡೂ ಕಡೆ ಕಮಿಟಿ ಒಪ್ಪಿ ಆಗಿದೆ. ಬದಲಾಯಿಸಿದ್ರೆ ಮತ್ತೆ ಮೊದಲಿಂದ ನೀರು ಕಾಯಿಸ್ಬೇಕು, ಅಷ್ಟರಲ್ಲಿ ಎರಡನೇ ಹಂತ ಹೋಗೇ ಹೋಗುತ್ತೆ. ನಾನು ಸರಿಯಾಗಿ ಕೇಳಲಿಲ್ಲ, ತಪ್ಪು ನಂದೇ ಅಂತಾಳೆ ಆ ಹುಡುಗಿ. ಒಳ್ಳೆ ಹುಡುಗಿ. ಆದ್ರೆ ಅನುಭವ ಸಾಲದು."

"ಹೌದು ಸಾರ್," ಎಂದೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಅಂದು ಬಾಯಿ ನಿಲ್ಲಲಿಲ್ಲ.

ಕುಳ್ಳ ಒಲೆ ತಯಾರಾದ ದಿನ ಹುಡುಗಿಯೇ ಆಟೋ ಮಾಡಿಕೊಂಡು ಅದನ್ನು ಅಕ್ಕನ ಮನೆಗೆ ತಂದಳು. ಅಕ್ಕ ಮುದ್ದೆಯ ಪಾತ್ರೆ ಇಟ್ಟು, ಕೋಲು ಹಿಡಿದು, ಮೈ ಬಿಟ್ಟು ತಿರುವಿದಳು. ಒಲೆ ಕದಲಲಿಲ್ಲ. ಕೊಳವೆ ಹೊಗೆಯನ್ನು ಎಳೆದುಕೊಂಡು ಹೋಯಿತು. ಮುದ್ದೆ ಮುಗಿದ ಮೇಲೂ ಅಕ್ಕ ಒಲೆಯ ಮುಂದೆಯೇ ಕೂತಿದ್ದಳು. ಎದ್ದು ಹೋಗುವ ಅವಸರವಿಲ್ಲದೆ ಅವಳು ಒಲೆಯ ಮುಂದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ಅವಳ ಪಕ್ಕ ನೆಲದ ಮೇಲೆ ಕೂತು ಸ್ವಲ್ಪ ಮುದ್ದೆ ತಿಂದಳು. ನುಂಗುವುದನ್ನು ಬಿಟ್ಟು ಅಗಿದಳು. ಅಕ್ಕ ಬಿದ್ದು ಬಿದ್ದು ನಕ್ಕಳು, ನಗುವಿನ ನಡುವೆ ಕೈ ಎತ್ತಬೇಕಾಗಲಿಲ್ಲ.

ಎರಡನೇ ಹಂತ ಬಂತು. ಲಾರಿಗಳಲ್ಲಿ ಎತ್ತರದ ಒಲೆಗಳು ಬಂದವು. ಪ್ರತಿ ಮನೆಯಲ್ಲೂ ಅರಿಶಿನ ಕುಂಕುಮ, ಹಾಲು ಉಕ್ಕುವುದು, ಫೋಟೋ. ನಾಲ್ಕು ದಿನ ಕಳೆದ ಮೇಲೆ ಕೆಲವು ಒಲೆಗಳು ಮೂಲೆ ಸೇರಿದವು, ಕೆಲವು ಕೋಳಿಗೂಡಾದವು. ಒಂದು ಮನೆಯಲ್ಲಿ ಅದರೊಳಗೆ ಕೊಡೆಗಳನ್ನು ನಿಲ್ಲಿಸಿದ್ದರು, ಅದಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಹಳೇ ಡಬ್ಬದ ಒಲೆಗಳು ಮತ್ತೆ ಹೊತ್ತಿದವು. ನನ್ನ ಕೆಲಸ ಖಾಯಂ ಆಯಿತು. ನಮ್ಮ ಮನೆಯಲ್ಲಿ ಹೆಂಡತಿ ಹೋಳಿಗೆ ಮಾಡಿದಳು.

ಅಕ್ಕನ ಕುಳ್ಳ ಒಲೆಯನ್ನು ಬೀದಿಯವರೆಲ್ಲ ಬಂದು ನೋಡಿದರು. ಪಕ್ಕದ ಮನೆಯವಳು ನನಗೆ ಎದುರಿಗೇ ಹೇಳಿದಳು: "ಏನಣ್ಣಾ, ನಿಮ್ಮಕ್ಕಂಗೆ ಒಂದು ಒಲೆ, ಊರಿಗೆ ಒಂದು ಒಲೆಯಾ? ಕಾಲೇಜಲ್ಲಿ ತಮ್ಮ ಇದ್ರೆ ಹಿಂಗೆ ನಡೀತದೆ ನೋಡು." ನಾನು ಪ್ರಭಾವ ಬಳಸಿ ಸ್ವಂತದವರಿಗೆ ಒಳ್ಳೆಯದು ಮಾಡಿಸಿದೆ ಎಂಬ ಅಪವಾದ ಬಂತು. ಮಾಡದ ತಪ್ಪು ಅದು. ತಲೆ ತಗ್ಗಿಸಿ ಒಪ್ಪಿಕೊಂಡೆ, ಮಾಡಿದ ತಪ್ಪಿಗಿಂತ ಅದು ಹಗುರವಾಗಿತ್ತು. ಅಕ್ಕ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದಳು, "ನನ್ನ ತಮ್ಮ ಕಣ್ರೀ, ಆ ಹುಡುಗೀಗೆ ಇಂಗ್ಲಿಷಲ್ಲಿ ಬಿಡಿಸಿ ಬಿಡಿಸಿ ಹೇಳಿ ಮಾಡಿಸಿಕೊಟ್ಟ. ಎಷ್ಟು ಸಲ ಹೇಳಿದನೋ ಪಾಪ, ಎರಡು ದೇಶದ ವಿಚಾರ."

ಆ ಒಲೆಯ ಮೇಲೆ ಅಕ್ಕ ವರ್ಷಗಟ್ಟಲೆ ಅಡುಗೆ ಮಾಡಿದಳು. ಉಬ್ಬಸ ಪೂರ್ತಿ ಹೋಗಲಿಲ್ಲ, ಆದರೆ ಹಿಡಿತ ಸಡಿಲಿತು. ಇವತ್ತಿಗೂ ಇದ್ದಾಳೆ. ಬೀದಿಯ ಉಳಿದ ಹೆಂಗಸರು ಹೊಗೆಯಲ್ಲೇ ಉಳಿದರು. ಪಕ್ಕದ ಮನೆಯವಳಿಗೆ ಈಗ ಉಬ್ಬಸ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಉಸಿರಿಗೆ ಎಳೆದುಕೊಳ್ಳುವ ಔಷಧಿ ಇಟ್ಟುಕೊಂಡಿರುತ್ತಾಳೆ.

ನಿವೃತ್ತನಾದ ಮೇಲೆ ಒಂದು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಭದ್ರಾವತಿಗೆ ಹೋದೆ. ಪಕ್ಕದ ಮನೆಯವಳೂ ಅಕ್ಕನ ಜಗಲಿಯಲ್ಲಿ ಕೂತಿದ್ದಳು. ಒಳ್ಳೆಯದೇ ಆಯಿತೆಂದುಕೊಂಡೆ.

"ಅಕ್ಕಾ, ಆ ಒಲೆ ವಿಚಾರ ನಾನು ಆ ಹುಡುಗೀಗೆ ಹೇಳಿರಲೇ ಇಲ್ಲ. ನೀನು ಹೇಳಿದ್ದನ್ನೆಲ್ಲ ಮುಚ್ಚಿಟ್ಟು ಚೆನ್ನಾಗಿದೆ ಅಂತ ಹೇಳ್ತಿದ್ದೆ. ಅವಳೇ ಬಂದು, ಅವಳೇ ನೋಡಿ, ಅವಳೇ ಮಾಡಿಸಿದ್ದು."

ಅಕ್ಕ ನಕ್ಕುಬಿಟ್ಟಳು. "ನೋಡೇ ಇವನನ್ನ," ಎಂದಳು ಪಕ್ಕದ ಮನೆಯವಳಿಗೆ. "ಇಷ್ಟು ವಯಸ್ಸಾದ್ರೂ ಮಾಡಿದ್ದನ್ನ ಹೇಳ್ಕೊಳ್ಳೋಕೆ ನಾಚಿಕೆ. ಸಣ್ಣೋನಿದ್ದಾಗ್ಲೂ ಹಿಂಗೇ ಇದ್ದ."

"ಇಲ್ಲ ಅಕ್ಕಾ, ನಿಜವಾಗ್ಲೂ..."

"ಸಾಕು ಸುಮ್ನಿರೋ. ನಾನೇ ಕಣ್ಣಾರೆ ನೋಡಿಲ್ವಾ, ನೀನು ಅವಳ ಜೊತೆ ಮಾತಾಡ್ತಿದ್ದಿದ್ದು? ಕೈಕಾಲು ತೊಳ್ಕೋ ಹೋಗು, ಊಟಕ್ಕೆ ಬಡಿಸ್ತೀನಿ."

ಬೈಸಿಕೊಳ್ಳಲೆಂದೇ ಹೋದವನನ್ನು ಹೀಗೆ ಹೊಗಳಿ ಕೂರಿಸಿದರೆ ಏನು ಮಾಡುವುದು? ಅಕ್ಕ ಒಳಗೆ ಹೋದಳು. ಪಕ್ಕದ ಮನೆಯವಳು ನಗಲಿಲ್ಲ. ಒಂದು ಸಲ ಔಷಧಿ ಎಳೆದುಕೊಂಡು, ಉಸಿರು ಕೂಡಿದ ಮೇಲೆ ಮೆಲ್ಲಗೆ ಕೇಳಿದಳು:

"ಹಂಗಾದ್ರೆ ನಮ್ದೂ ಸೇರಿಸಿ ಯಾಕಣ್ಣಾ ಹೇಳಲಿಲ್ಲ ನೀನು?"

ಒಳಗಿನಿಂದ ಅಕ್ಕ ಊಟಕ್ಕೆ ಕೂಗಿದಳು. ನಾನು ಎದ್ದು ಹೋದೆ. ಅಂದು ಕೊಡದೆ ಹೋದ ಉತ್ತರ ಇಲ್ಲಿದೆ. ಅಮ್ಮಾ, ನೀವು ಕುಡಿದ ಹೊಗೆ ಆ ದೇಶದವರದಲ್ಲ, ಆ ಹುಡುಗಿಯದಂತೂ ಅಲ್ಲ. ನಿಮ್ಮೆಲ್ಲರ ಮಾತು ಅಕ್ಕನ ಬಾಯಲ್ಲಿ ನನ್ನ ತನಕ ಬಂದಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗೊತ್ತಾಗಬಾರದು ಎಂದು, ಆಮೇಲೆ ಕೆಲಸ ಖಾಯಂ ಆಗಲಿ ಎಂದು, ಅದನ್ನು ನಾನು ನನ್ನಲ್ಲೇ ಇಟ್ಟುಕೊಂಡೆ. ಅಕ್ಕ ಉಳಿದದ್ದು ಆ ಹುಡುಗಿ ಒಬ್ಬಳೇ ಬಸ್ಸು ಹತ್ತಿದ್ದರಿಂದ.

ಆ ಪಕ್ಕದ ಮನೆಯಾಕೆಗೆ ಕನ್ನಡ ಓದಲು ಬರುವುದಿಲ್ಲ. ಆಕೆಯ ಸೊಸೆಗೆ ಬರುತ್ತದೆ. ಇದನ್ನು ಅತ್ತೆಗೆ ಓದಿ ಹೇಳುವಾಗ ಅವಳು ಯಾವ ಮಾತನ್ನೂ ಬಿಡದಿರಲಿ, ನನ್ನ ಮೇಲಿನ ಮರ್ಯಾದೆಗೆಂದು ಯಾವುದನ್ನೂ ಮೆತ್ತಗೆ ಮಾಡದಿರಲಿ.